ಹತ್ತೊಂಬತ್ತು ಬೀಗ, ಎಷ್ಟು ಕೀಲಿಕೈ

ಜನವರಿ 8

ಅಪ್ಪನಿಗೆ,

ಫೋನಿನಲ್ಲಿ ನಿಮಗೆ ಅರ್ಧಕ್ಕರ್ಧ ಕೇಳಿಸುವುದಿಲ್ಲವೆಂದು ಅಮ್ಮ ಹೇಳಿದಳು. ಕೇಳಿಸಿದ್ದರೂ ನಾವಿಬ್ಬರು ಏನು ಮಾತಾಡುತ್ತಿದ್ದೆವೋ. ಹಾಗಾಗಿ ಈ ಕಾಗದ. ಕೆಲಸದ ವಿಷಯಕ್ಕಷ್ಟೇ ಬರೆಯುತ್ತಿದ್ದೇನೆ. ಬೇಡವೆನಿಸಿದರೆ ಉತ್ತರ ಕೊಡಬೇಡಿ.

ಇಲ್ಲಿ ಏಳು ಆಸ್ಪತ್ರೆಗಳು ಸೇರಿ ಔಷಧಗಳಿಗೆ ಒಂದೇ ದಾಖಲೆ ಇಟ್ಟುಕೊಳ್ಳಲು ಹೊರಟಿವೆ. ಪ್ರತಿ ಪೆಟ್ಟಿಗೆ ಎಲ್ಲಿಂದ ಬಂತು, ದಾರಿಯಲ್ಲಿ ಎಷ್ಟು ತಣ್ಣಗಿತ್ತು, ಯಾರು ಇಳಿಸಿಕೊಂಡರು, ಯಾವ ರೋಗಿಗೆ ಹೋಯಿತು, ಎಲ್ಲವೂ ಅದರಲ್ಲಿರಬೇಕು. ಅದನ್ನು ಬ್ಲಾಕ್‌ಚೈನ್ ಜಾಲವೊಂದರಲ್ಲಿ ಇಡುವುದೆಂದು ಸಮಿತಿ ತೀರ್ಮಾನಿಸಿದೆ. ಯಾವ ಜಾಲವೆಂದು ಹೋಲಿಸಿ ಹೇಳಬೇಕಾದ ಎಂಜಿನಿಯರ್ ನಾನು. ಮಾರ್ಚ್ ಮುಗಿಯುವುದರೊಳಗೆ ವರದಿ ಕೊಡಬೇಕು.

ಬ್ಲಾಕ್‌ಚೈನ್ ಅಂದರೆ ಒಂದು ರಿಜಿಸ್ಟರ್ ಅಂದುಕೊಳ್ಳಿ. ಅದರ ನಕಲುಗಳು ಬೇರೆ ಬೇರೆಯವರ ಕಂಪ್ಯೂಟರುಗಳಲ್ಲಿ ಇರುತ್ತವೆ. ಒಂದೊಂದು ಪುಟದ ಮೇಲೂ ಅದರ ಹಿಂದಿನ ಪುಟದಿಂದ ಲೆಕ್ಕಹಾಕಿ ತೆಗೆದ ಗುರುತು ಇರುತ್ತದೆ. ಹಳೆಯ ಪುಟದಲ್ಲಿ ಒಂದಕ್ಷರ ತಿದ್ದಿದರೂ ಮುಂದಿನ ಗುರುತುಗಳೆಲ್ಲ ತಪ್ಪಿಹೋಗುತ್ತವೆ. ಹೊಸ ಪುಟ ಸೇರಬೇಕಾದರೆ ನಕಲು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಒಪ್ಪಬೇಕು. ತೊಡಕಿರುವುದು ಇಲ್ಲೇ. ಒಪ್ಪಬೇಕಾದವರು ಹೆಚ್ಚಾದಷ್ಟೂ ಕೆಲಸ ನಿಧಾನ, ಕಡಿಮೆಯಾದಷ್ಟೂ ವೇಗ.

ಸೋಸಿ ಸೋಸಿ ಈಗ ಎರಡು ಜಾಲ ಉಳಿದಿವೆ. ಮೊದಲನೆಯದು ಸೆಕೆಂಡಿಗೆ ನಾಲ್ಕು ಸಾವಿರ ನಮೂದು ಮಾಡಿಕೊಳ್ಳುತ್ತದೆ. ನಕಲು ಇಟ್ಟವರು ಹತ್ತೊಂಬತ್ತು. ಇನ್ನೊಂದರಲ್ಲಿ ನಕಲು ಇಟ್ಟವರು ಹನ್ನೆರಡು ಸಾವಿರಕ್ಕೂ ಹೆಚ್ಚು, ಒಬ್ಬರಿಗೊಬ್ಬರು ಗುರುತಿಲ್ಲದವರು. ಅದು ಸೆಕೆಂಡಿಗೆ ಮಾಡಿಕೊಳ್ಳುವುದು ಹದಿನೈದೇ ನಮೂದು, ಅದನ್ನೂ ಪ್ರಪಂಚದವರೆಲ್ಲ ಹಂಚಿಕೊಳ್ಳಬೇಕು.

ನನಗೆ ಗೊತ್ತಾಗಬೇಕಾದದ್ದು ಇಷ್ಟು. ಔಷಧ ಉಗ್ರಾಣದಲ್ಲಿ ನೂಕುನುಗ್ಗಲು ಯಾವಾಗ? ಒಂದು ನಮೂದಿಗೆ ಜನ ಎಷ್ಟು ಹೊತ್ತು ಕಾಯುತ್ತಾರೆ? ಕಾಯಿಸಿದರೆ ಏನು ಮಾಡುತ್ತಾರೆ? ಆಸ್ಪತ್ರೆಯ ಉಗ್ರಾಣವನ್ನು ಇಪ್ಪತ್ತಾರು ವರ್ಷ ನೋಡಿಕೊಂಡವರು ನನಗೆ ಬೇರೆ ಯಾರೂ ಗೊತ್ತಿಲ್ಲ.

ಇಂತಿ,
ಮಗಳು


ಜನವರಿ 19

ಮಗಳಿಗೆ,

ಕಾಗದ ತಲುಪಿತು. ಕೇಳಿದ್ದಕ್ಕೆ ಉತ್ತರ.

ಒಂದು. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಉಗ್ರಾಣದ ಕಿಟಕಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಹಿಂಬಾಗಿಲಲ್ಲಿ ವ್ಯಾನು ಇಳಿಸುವುದೂ ಅದೇ ಹೊತ್ತಿಗೆ.

ಎರಡು. ನರ್ಸು ಒಂದು ಉಸಿರು ಬಿಡುವಷ್ಟು ಹೊತ್ತು ಕಾಯುತ್ತಾಳೆ. ಎರಡನೆಯ ಉಸಿರಿಗೆ ಬೈಯುತ್ತಾಳೆ. ತಪ್ಪು ಅವಳದಲ್ಲ, ವಾರ್ಡಿನಲ್ಲಿ ಇಪ್ಪತ್ತು ಜನ ಅವಳ ದಾರಿ ನೋಡುತ್ತಿರುತ್ತಾರೆ.

ಮೂರು. ಕಾಯಿಸಿದರೆ ಚೀಟಿಯಲ್ಲಿ ಗೀಚಿಕೊಂಡು "ಆಮೇಲೆ ಹತ್ತಿಸ್ತೀನಿ" ಅನ್ನುತ್ತಾರೆ. ಚೀಟಿ ಜೇಬಿಗೆ ಹೋಗುತ್ತದೆ, ಅಂಗಿ ಒಗೆಯಲು ಹೋಗುತ್ತದೆ. ಸಂಜೆ ನೆನಪಿನಿಂದ ಬರೆಯುತ್ತಾರೆ. ನೆನಪಿನಿಂದ ಬರೆದದ್ದನ್ನು ನೀನು ಹನ್ನೆರಡು ಸಾವಿರ ಕಡೆ ಭದ್ರವಾಗಿಟ್ಟು ಏನು ಬಂತು? ನಿಧಾನದ ಜಾಲವನ್ನು ಆ ಕಿಟಕಿಗೆ ತರಬೇಡ.

ನಾನು ಈಗ ಪ್ರಾಣಿಗಳ ಔಷಧದಂಗಡಿಯಲ್ಲಿದ್ದೇನೆ, ಅಮ್ಮ ಹೇಳಿರಬಹುದು. ಇಲ್ಲಿಯ ರೋಗಿಗಳು ಬೊಗಳುತ್ತಾರೆ, ಕಚ್ಚಲು ಬರುತ್ತಾರೆ, ರಿಜಿಸ್ಟರ್ ಮಾತ್ರ ತಿದ್ದುವುದಿಲ್ಲ.

ಇಂತಿ,
ಅಪ್ಪ

ಇದನ್ನು ಮೂರು ಸಲ ಬರೆದು ಹರಿದು ನಾಲ್ಕನೇ ಸಲ ಬರೆದಿದ್ದಾರೆ. ಹರಿದ ಮೂರೂ ಉದ್ದ ಇದ್ದವು. — ಅಮ್ಮ


ಫೆಬ್ರವರಿ 2

ಅಪ್ಪನಿಗೆ,

ನೀವು ನಿಧಾನದ ಜಾಲದ ಪರ ನಿಲ್ಲುತ್ತೀರಿ ಎಂದುಕೊಂಡಿದ್ದೆ. ಯಾಕೆಂದು ಬರೆಯುವುದಿಲ್ಲ, ನಿಮಗೆ ಗೊತ್ತು. ನಿಮ್ಮ ಮೂರು ಉತ್ತರಗಳನ್ನೂ ಸಮಿತಿಗೆ ಹಾಗೆಯೇ ಓದಿ ಹೇಳಿದೆ. ಚೀಟಿ, ಜೇಬು, ಒಗೆಯುವ ಅಂಗಿ ಎನ್ನುತ್ತಿದ್ದಂತೆ ಹೆರಿಗೆ ಆಸ್ಪತ್ರೆಯ ಪರವಾಗಿ ಬಂದಿರುವ ಹಿರಿಯ ನರ್ಸು, ಮೇಟ್ರನ್ ಅವರು, ಜೋರಾಗಿ ನಕ್ಕರು. "ಯಾರ್ರೀ ಇವರು? ನಮ್ಮ ಆಸ್ಪತ್ರೆಗೆ ಯಾವಾಗ ಬಂದಿದ್ರು?" ಎಂದು ಕೇಳಿದರು. ಒಬ್ಬರು ಅನುಭವಸ್ಥರು ಎಂದೆ. ಅಪ್ಪ ಎನ್ನಲಿಲ್ಲ.

ಸಮಿತಿಯ ಅಧ್ಯಕ್ಷರು ಶಸ್ತ್ರವೈದ್ಯರು, ಎಲ್ಲದರಲ್ಲೂ ಅವಸರ. ವೇಗದ ಜಾಲದ ಕಂಪನಿಯವನು ಬಂದು ದೊಡ್ಡ ಪರದೆಯ ಮೇಲೆ ಹತ್ತು ಸಾವಿರ ನಮೂದುಗಳನ್ನು ಮೂರೇ ಸೆಕೆಂಡಿನಲ್ಲಿ ಸೇರಿಸಿ ತೋರಿಸಿದ. "ಹತ್ತೊಂಬತ್ತು ಕಡೆ ನಕಲು ಇದೆ ಸರ್. ಒಬ್ಬ ಕೆಟ್ಟರೆ ಹದಿನೆಂಟು ಜನ ಇದ್ದಾರೆ" ಎಂದ. ಅಧ್ಯಕ್ಷರು ನನ್ನ ಕಡೆ ತಿರುಗಿ, "ಇನ್ನೇನಮ್ಮ ಬೇಕು? ನಿಮ್ಮ ಅನುಭವಸ್ಥರೇ ಹೇಳಿದ್ದಾರಲ್ಲ, ನಿಧಾನ ಆಗಬಾರದು ಅಂತ" ಎಂದರು.

ನನ್ನ ಕೋಷ್ಟಕದಲ್ಲಿಯೂ ವೇಗದ ಜಾಲಕ್ಕೇ ಹೆಚ್ಚು ಅಂಕ. ಸಹಿ ಹಾಕಿದರೆ ಮುಗಿಯಿತು. ಯಾಕೋ ಕೈ ಬರುತ್ತಿಲ್ಲ. ಇನ್ನೇನು ಕೇಳಬೇಕಿತ್ತು ನಾನು?

ಇಂತಿ,
ಮಗಳು


ಫೆಬ್ರವರಿ 11

ಮಗಳಿಗೆ,

ನೀನು ಕೇಳಬೇಕಿದ್ದದ್ದು ಒಂದೇ. ಬೀಗ ಹತ್ತೊಂಬತ್ತು ಸರಿ, ಕೀಲಿಕೈ ಎಷ್ಟು ಜನರ ಹತ್ತಿರ ಇವೆ?

ನಮ್ಮ ಉಗ್ರಾಣಕ್ಕೂ ಎರಡು ಬೀಗವಿತ್ತು. ಒಂದರ ಕೈ ನನ್ನ ಬಳಿ, ಇನ್ನೊಂದರದು ಅಧೀಕ್ಷಕರ ಬಳಿ ಎಂದು ನಿಯಮ. ಎರಡಕ್ಕೂ ಇನ್ನೊಂದೊಂದು ಕೀಲಿಕೈ ಇದ್ದವು. ಅವು ಅಧೀಕ್ಷಕರ ಕೋಣೆಯಲ್ಲಿ ಒಂದೇ ಮೊಳೆಗೆ ತೂಗುತ್ತಿದ್ದವು. ರಿಜಿಸ್ಟರ್ ಇದ್ದದ್ದು ಉಗ್ರಾಣದೊಳಗೆ.

ಆ ದಿನ ಚುಚ್ಚುಮದ್ದಿನ ಪೆಟ್ಟಿಗೆಗಳು ಬೆಚ್ಚಗೆ ಬಂದಿದ್ದವು. ನಾನು "ಬೆಚ್ಚಗಿದೆ, ವಾಪಸು" ಎಂದು ಬರೆದು ಸಹಿ ಮಾಡಿ ಮನೆಗೆ ಬಂದೆ. ಮರುದಿನ ನನಗೆ ರಜೆ. ಅದೇ ಪೆಟ್ಟಿಗೆಗಳು ವಾರ್ಡಿಗೆ ಹೋದವು. ಔಷಧ ನಾಟದೆ ಒಬ್ಬ ಹೆಂಗಸು ತೀರಿಕೊಂಡಳು. ವಿಚಾರಣೆಯಲ್ಲಿ ನನ್ನ ಮುಂದಿಟ್ಟ ಪುಟದಲ್ಲಿ "ತಣ್ಣಗಿದೆ, ಇಳಿಸಿಕೊಂಡಿದೆ" ಎಂದಿತ್ತು. ಕೆಳಗೆ ನನ್ನ ಸಹಿಯಂಥದೇ ಸಹಿ.

ಇದೆಲ್ಲ ನಿನಗೆ ಗೊತ್ತಿದ್ದದ್ದೇ. ಕೀಲಿಕೈಯ ಮಾತು ಬಂತೆಂದು ಬರೆದೆ.

ಇಂತಿ,
ಅಪ್ಪ


ಮಾರ್ಚ್ 1

ಅಪ್ಪ,

ಕೀಲಿಕೈ ಎಣಿಸಲು ಎರಡು ವಾರ ಹಿಡಿಯಿತು.

ಹತ್ತೊಂಬತ್ತಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಲಾಂಛನ. ಒಂದರ ಮೇಲೆ ಹಡಗು, ಒಂದರ ಮೇಲೆ ಗಿಡುಗ. ಪಟ್ಟಿ ನೋಡಿದರೆ ಪ್ರಪಂಚವೇ ಕಾವಲಿಗೆ ನಿಂತಂತೆ ಕಾಣುತ್ತದೆ. ಒಂದೊಂದರ ಹಿಂದೆಯೂ ಯಾರಿದ್ದಾರೆ ಎಂದು ಹುಡುಕುತ್ತ ಹೋದೆ. ಆಮೇಲೆ ಆ ಜಾಲದ ಹಳೆಯ ಸ್ಥಗಿತಗಳ ವಿವರ ತೆಗೆದೆ. ಹೋದ ವರ್ಷ ಒಂದು ಭಾನುವಾರ ಅದು ನಾಲ್ಕು ಗಂಟೆ ನಿಂತುಹೋಗಿತ್ತು. ಅದೇ ನಾಲ್ಕು ಗಂಟೆ ಒಂದು ಕಟ್ಟಡದಲ್ಲಿ ದುರಸ್ತಿಗೆಂದು ಕರೆಂಟು ತೆಗೆದಿದ್ದರು. ಆಗ ಹದಿಮೂರು ಯಂತ್ರಗಳು ಒಟ್ಟಿಗೇ ಮಲಗಿದ್ದವು. ಹಡಗೂ ಗಿಡುಗವೂ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿವೆ, ಅಪ್ಪ. ಆ ಮಹಡಿ ಕಂಪನಿಯದೇ.

ಆ ಜಾಲದಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಏನು ಬೇಕಾದರೂ ಆಗುತ್ತದೆ. ಹತ್ತೊಂಬತ್ತರಲ್ಲಿ ಹದಿಮೂರು ಅಂದರೆ ಸರಿಯಾಗಿ ಅಷ್ಟೇ.

ಅಧ್ಯಕ್ಷರಿಗೆ ಹೇಳಿದೆ. "ಒಂದೇ ಮನೆಯಲ್ಲಿದ್ದ ಮಾತ್ರಕ್ಕೆ ಕಳ್ಳರು ಅಂತ ಹೇಗಮ್ಮ ಹೇಳ್ತೀರಿ? ಪುರಾವೆ ತನ್ನಿ" ಎಂದರು. ನ್ಯಾಯದ ಮಾತೇ.

ಅದಕ್ಕೊಂದು ಯೋಚನೆ ಮಾಡಿದ್ದೇನೆ. ಪರೀಕ್ಷೆಗೆಂದು ನಮಗೆ ಆ ಜಾಲ ತೆರೆದುಕೊಟ್ಟಿದ್ದಾರೆ. ಅದರಲ್ಲಿ ಒಂದು ನಮೂದು ಮಾಡುತ್ತೇನೆ. ಎರಡು ದಿನ ಬಿಟ್ಟು ಕಂಪನಿಗೆ ಫೋನ್ ಮಾಡಿ, ಅದನ್ನು ಬದಲಾಯಿಸಿಕೊಡಿ ಎಂದು ಕೇಳುತ್ತೇನೆ. ಆಗುವುದಿಲ್ಲ ಎಂದರೆ ನಾನೇ ಸಹಿ ಹಾಕಿ ಅವರ ಪರ ಮಾತಾಡುತ್ತೇನೆ. ಮೇಟ್ರನ್‌ಗೆ ಮೊದಲೇ ತಿಳಿಸಿದ್ದೇನೆ, ಅವರು ಪಕ್ಕದಲ್ಲಿ ಕೂತಿರುತ್ತಾರೆ. ಆದರೂ ಇದು ಮೋಸವಾಗುತ್ತದೆಯೇ ಎಂದು ಅಳುಕು. ನೀವು ಹೇಳಿ.

ಇಂತಿ,
ಮಗಳು


ಮಾರ್ಚ್ 6

ಯಾಕಮ್ಮನಿಗೆ,

ನಿನ್ನನ್ನು ಹಾಗೆ ಕರೆದು ಬಹಳ ವರ್ಷವಾಯಿತು. ನಾಲ್ಕು ವರ್ಷದ ಮಗುವಾಗಿದ್ದಾಗ ಎಲ್ಲದಕ್ಕೂ "ಯಾಕೆ" ಎಂದು ಕೇಳಿ ಪ್ರಾಣ ತಿನ್ನುತ್ತಿದ್ದೆ. ಕರೆಂಟು ಹೋದ ಕಟ್ಟಡವನ್ನು ಹುಡುಕಿದ್ದು ಓದಿದಾಗ ಆ ಹೆಸರೇ ಬಾಯಿಗೆ ಬಂತು. ಅಮ್ಮನಿಗೆ ಓದಿ ಹೇಳಿದೆ. "ಅಪ್ಪನ ಮೂಗು, ಅಪ್ಪನ ಹಠ, ನನ್ನದೇನೂ ಇಲ್ಲ" ಎಂದು ಗೊಣಗಿದಳು.

ಮೋಸವಾಗುವುದಿಲ್ಲ. ಅವರಿಗೆ ನೀನು ಸುಳ್ಳು ಹೇಳಬೇಡ, ಆಸೆ ತೋರಿಸಬೇಡ, ಹೆದರಿಸಬೇಡ. ಬದಲಾಯಿಸಿಕೊಡಿ ಎಂದಷ್ಟೇ ಕೇಳು. ಹೂಂ ಅನ್ನುವುದು, ಉಹೂಂ ಅನ್ನುವುದು ಅವರಿಗೆ ಬಿಟ್ಟದ್ದು.

ಆದರೆ ಒಂದು ಮುಖ್ಯ. ನಮೂದು ಮಾಡಿದ ತಕ್ಷಣ ಆ ಪುಟದ ಗುರುತನ್ನು ಕಾಗದದ ಮೇಲೆ ಬರೆದುಕೋ. ಮೇಟ್ರನ್ ಕೈಲಿ ಸಹಿ ಮಾಡಿಸು, ಗಂಟೆ ಹಾಕಿಸು, ಅವರ ಹತ್ತಿರವೇ ಬಿಡು. ಕಂಪನಿಯವರು ಮುಂದಿನ ಪುಟಗಳನ್ನೆಲ್ಲ ಮತ್ತೆ ಕಟ್ಟಿಬಿಟ್ಟರೆ ಒಳಗಿನ ಗುರುತುಗಳೆಲ್ಲ ಒಂದಕ್ಕೊಂದು ತಾಳೆಯಾಗುತ್ತವೆ, ತಿದ್ದಿದ್ದಾರೆ ಎಂದು ನೀನು ತೋರಿಸುವುದು ಹೇಗೆ? ಹೊರಗೆ ಒಂದು ಸಾಕ್ಷಿ ಇರಬೇಕು. ನನಗೆ ಅದು ಇರಲಿಲ್ಲ.

ಧೈರ್ಯವಾಗಿ ಮಾಡು.

ಇಂತಿ,
ಅಪ್ಪ


ಮಾರ್ಚ್ 23

ಅಪ್ಪ,

ನಲವತ್ತು ನಿಮಿಷ.

ಸೋಮವಾರ ನಮೂದು ಮಾಡಿದೆ. ಏನು ಬರೆಯಲಿ ಎಂದು ಯೋಚಿಸುವ ಮೊದಲೇ ಬೆರಳು ಬರೆದಾಗಿತ್ತು: "ಬೆಚ್ಚಗಿದೆ, ವಾಪಸು." ಗುರುತನ್ನು ಮೇಟ್ರನ್ ತಮ್ಮ ಡೈರಿಯಲ್ಲಿ ಬರೆದು ಸಹಿ ಮಾಡಿ, ಡೈರಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೋದರು. ಬುಧವಾರ ಮಧ್ಯಾಹ್ನ ಅವರ ಕೋಣೆಯಲ್ಲಿ ಕೂತು ಕಂಪನಿಯವನಿಗೆ ಫೋನ್ ಮಾಡಿದೆ. "ಸೋಮವಾರದ ಒಂದು ನಮೂದನ್ನು 'ತಣ್ಣಗಿದೆ, ಇಳಿಸಿಕೊಂಡಿದೆ' ಅಂತ ಬದಲಾಯಿಸಬೇಕಿತ್ತು. ಆಗತ್ತಾ?" ಎಂದು ಕೇಳಿದೆ. ಯಾಕೆ ಎಂದು ಕೂಡ ಅವನು ಕೇಳಲಿಲ್ಲ. "ಅಯ್ಯೋ, ಅದಕ್ಕೇನು ಮೇಡಂ, ಮಾಡಿಕೊಡೋಣ. ದೊಡ್ಡ ಗಿರಾಕಿಗಳಿಗೆ ಈ ಸೌಲಭ್ಯ ಇಟ್ಟಿದ್ದೀವಿ" ಎಂದ. ಒಳ್ಳೆಯ ಹುಮ್ಮಸ್ಸಿನ ಮನುಷ್ಯ. ನಲವತ್ತು ನಿಮಿಷಕ್ಕೆ ಅವನೇ ಫೋನ್ ಮಾಡಿ, "ಆಯ್ತು ಮೇಡಂ, ಹಳೇದು ಯಾರಿಗೂ ಕಾಣಲ್ಲ" ಎಂದ.

ನೋಡಿದೆ. ಎಲ್ಲ ಪುಟಗಳೂ ಮೊದಲಿನಿಂದ ಕೊನೆಯವರೆಗೆ ತಾಳೆ. ಎಲ್ಲೂ ಕಲೆಯಿಲ್ಲ. ಇದನ್ನು ನ್ಯಾಯಾಲಯಕ್ಕೆ ಕೊಟ್ಟಿದ್ದರೆ, ಆ ಪೆಟ್ಟಿಗೆಗಳು ತಣ್ಣಗೇ ಇದ್ದವೆಂದು ನಾನೇ ಆಣೆ ಮಾಡುತ್ತಿದ್ದೆ. ಮೇಟ್ರನ್ ಡೈರಿ ತೆಗೆದರು. ಅದರಲ್ಲಿದ್ದ ಗುರುತೇ ಬೇರೆ, ಪರದೆಯ ಮೇಲಿದ್ದದ್ದೇ ಬೇರೆ. ಅವರು ಎದ್ದು ಹೋಗಿ ಕಿಟಕಿ ತೆರೆದರು.

ಅಪ್ಪ, ಹನ್ನೊಂದು ವರ್ಷದ ಹಿಂದೆ ವಿಚಾರಣೆ ಮುಗಿಸಿ ನೀವು ಮನೆಗೆ ಬಂದಾಗ, ಚಪ್ಪಲಿ ಬಿಡುವುದಕ್ಕೂ ಮೊದಲೇ ನಾನು ಕೇಳಿದೆ: "ನೀವು ಮರೆತಿರಬಹುದಲ್ವಾ ಅಪ್ಪ?" ಆ ಪುಟ ಅಷ್ಟು ಅಚ್ಚುಕಟ್ಟಾಗಿತ್ತು. ಕಾಲೇಜಿನಲ್ಲಿ ಓದುತ್ತಿದ್ದವಳು, ಬರೆದದ್ದೆಲ್ಲ ನಿಜವೆಂದುಕೊಂಡಿದ್ದೆ. ನೀವು ಉತ್ತರ ಕೊಡಲಿಲ್ಲ, ಒಳಗೆ ಹೋದಿರಿ. ಅವತ್ತಿನಿಂದ ನಮ್ಮಿಬ್ಬರ ನಡುವೆ ಅಮ್ಮನೇ ಟಪಾಲು.

ತಪ್ಪಾಯಿತು, ಅಪ್ಪ. ಇದನ್ನು ಬರೆಯಲು ನನಗೆ ಪುರಾವೆ ಬೇಕಾಯಿತು ಎಂಬುದೇ ಇನ್ನೂ ದೊಡ್ಡ ತಪ್ಪು.

ನಿಮ್ಮ,
ಯಾಕಮ್ಮ


ಏಪ್ರಿಲ್ 14

ಯಾಕಮ್ಮ,

ಮೂರು ವಾರ ಉತ್ತರ ಬರೆಯಲಿಲ್ಲ. ಸಿಟ್ಟಲ್ಲ. ಬರೆದರೆ ನಿಜ ಬರೆಯಬೇಕಾಗುತ್ತದೆ.

ನೀನು ಆ ಪ್ರಶ್ನೆ ಕೇಳಿದ್ದಕ್ಕೆ ನಾನು ಮಾತು ಬಿಟ್ಟೆ ಎಂದು ನೀನೂ ನಂಬಿದ್ದೀಯ, ಅಮ್ಮನೂ ನಂಬಿದ್ದಾಳೆ. ನಿಜ ಅದಲ್ಲ. ನೀನು ಕೇಳಿದಾಗ "ಇಲ್ಲ" ಎನ್ನಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ವಿಚಾರಣೆಯಲ್ಲಿ ಆ ಪುಟವನ್ನು ಏಳು ಸಲ ನನ್ನ ಮುಂದೆ ಹಿಡಿದಿದ್ದರು. ಏಳನೇ ಸಲಕ್ಕೆ ಅದು ನನ್ನ ಅಕ್ಷರವೇ ಇರಬಹುದು ಎನಿಸಿತು. ನಾನು "ಬೆಚ್ಚಗಿದೆ" ಎಂದು ಬರೆದದ್ದು ನೆನಪಿದೆ. ಬರೆಯದೆ ಇದ್ದದ್ದೂ ಈಗ ನೆನಪಿದ್ದಂತೆ ಇದೆ. ಹನ್ನೊಂದು ವರ್ಷದಿಂದ ಎರಡೂ ತಲೆಯಲ್ಲಿ ಅಕ್ಕಪಕ್ಕ ಕೂತಿವೆ. ಆ ಹೆಂಗಸಿನ ಸಾವಿಗೆ ನಾನು ಕಾರಣವಲ್ಲ ಎಂದು ಎದೆ ತಟ್ಟಿ ಹೇಳಲು ನನಗೇ ಆಗಲಿಲ್ಲ. ಅದು ನಿನಗೆ ಗೊತ್ತಾದೀತೆಂದು ನಿನ್ನ ಮುಖ ತಪ್ಪಿಸಿದೆ.

ನಿನ್ನ ಪರೀಕ್ಷೆ ಆ ಕಂಪನಿ ಏನು ಮಾಡಿತೆಂದು ತೋರಿಸಿತು. ಅವತ್ತು ಉಗ್ರಾಣದಲ್ಲಿ ಏನಾಯಿತೆಂದು ತೋರಿಸುವುದಿಲ್ಲ. ನೀನು ಎಂಜಿನಿಯರ್, ನಿನಗಿದು ತಿಳಿಯದೆ ಇರುವುದಿಲ್ಲ. ಹಾಗಾಗಿ ತಪ್ಪಾಯಿತೆಂದು ನನ್ನನ್ನು ಕೇಳಬೇಡ.

ಸಮಿತಿ ಏನೆಂದಿತು?

ಅಪ್ಪ


ಏಪ್ರಿಲ್ 20

ಅಪ್ಪಾ,

ನೀವು ಹೇಳಿದ್ದು ನಿಜ. ನನ್ನ ಹತ್ತಿರ ಪುರಾವೆ ಇಲ್ಲ. ಮುಂದೆ ಸಿಗುವುದೂ ಇಲ್ಲ.

ಪುರಾವೆ ಇಲ್ಲದೆಯೇ ಹೇಳುತ್ತಿದ್ದೇನೆ, ನೀವು ಬರೆದಿದ್ದಿರಿ. ಹಾಲಿನ ಪಾತ್ರೆಗೂ ತಾರೀಖು ಬರೆದ ಚೀಟಿ ಅಂಟಿಸುವ ಮನುಷ್ಯ ಬೆಚ್ಚಗಿನ ಪೆಟ್ಟಿಗೆಯನ್ನು ಮುಟ್ಟಿ ನೋಡಿಯೂ ತಣ್ಣಗಿದೆ ಎಂದು ಬರೆಯುವುದಿಲ್ಲ. ನಿಮ್ಮ ನೆನಪುಗಳು ಎರಡಿರಲಿ, ನನಗೆ ಒಂದೇ ಸಾಕು. ಅದನ್ನು ನಾನು ಇಟ್ಟುಕೊಳ್ಳುತ್ತೇನೆ. ನಿಮಗೆ ಸಂಶಯ ಬಂದಾಗ ನನ್ನನ್ನು ಕೇಳಿ.

ಇನ್ನು ಸಮಿತಿ. ಡೈರಿಯನ್ನೂ ಪರದೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಕಂಪನಿಯವನು ಕೆಂಪಾದ. ನಾನು ಮೂರನೆಯ ದಾರಿ ಹೇಳಿದೆ: ಪ್ರತಿ ಆಸ್ಪತ್ರೆಯೂ ತನ್ನ ವೇಗದ ರಿಜಿಸ್ಟರನ್ನು ತಾನೇ ಇಟ್ಟುಕೊಳ್ಳಲಿ, ಕಿಟಕಿಯಲ್ಲಿ ಯಾರೂ ಕಾಯುವುದು ಬೇಡ. ಹತ್ತು ನಿಮಿಷಕ್ಕೊಮ್ಮೆ ಅಷ್ಟೂ ನಮೂದುಗಳಿಂದ ತೆಗೆದ ಒಂದೇ ಒಂದು ಗುರುತು ಮಾತ್ರ ಹನ್ನೆರಡು ಸಾವಿರ ಜನರ ನಿಧಾನದ ಜಾಲಕ್ಕೆ ಹೋಗಲಿ. ಸಾವಿರಾರು ಸಾಲಿಗೆ ಅಲ್ಲಿ ಒಂದು ಸಾಲು. ಮೇಟ್ರನ್ ಅವರ ಡೈರಿ ಮಾಡಿದ ಕೆಲಸವನ್ನೇ ಆ ಜಾಲ ಮಾಡುತ್ತದೆ. ಇದು ನಿಮ್ಮ ಕಾಗದದಿಂದ ಹುಟ್ಟಿದ ಯೋಚನೆ ಎಂದೆ. ಈ ಸಲ "ನಮ್ಮಪ್ಪ" ಎಂದೇ ಹೇಳಿದೆ.

ಸೋತೆ. ಏಳರಲ್ಲಿ ನಾಲ್ಕು ಮತ ವೇಗದ ಜಾಲಕ್ಕೆ. ಇನ್ನು ಮುಂದೆ ತಿದ್ದುವುದಿಲ್ಲ ಎಂದು ಕಂಪನಿ ಬರೆದುಕೊಟ್ಟಿತು. "ಒಳ್ಳೆ ಕೆಲಸ ಮಾಡಿದ್ದೀರಮ್ಮ. ಆದರೆ ಗಡುವು ಮೀರೋ ಹಾಗಿಲ್ಲ" ಎಂದರು ಅಧ್ಯಕ್ಷರು. ಆಗ ಮೇಟ್ರನ್ ಎದ್ದು ನಿಂತರು. "ನನ್ನ ಆಸ್ಪತ್ರೆ ಇದರಲ್ಲಿ ಇರಲ್ಲ. ಈ ಹುಡುಗಿ ಹೇಳಿದ್ದನ್ನು ನಾವೊಬ್ಬರೇ ಮಾಡ್ತೀವಿ" ಎಂದು ಕುರ್ಚಿ ಹಿಂದಕ್ಕೆ ತಳ್ಳಿ ಹೊರಟರು. ನಾನೂ ಸಮಿತಿಯ ಕೆಲಸ ಬಿಟ್ಟು ಅವರ ಜೊತೆ ಸೇರಿದ್ದೇನೆ. ಒಂದು ಆಸ್ಪತ್ರೆಯಲ್ಲಿ ಮಾಡಿ ತೋರಿಸುತ್ತೇನೆ. ಆಮೇಲೆ ಉಳಿದ ಆರೂ ಬಂದು ಕೇಳಲಿ.

ನೀವು ಬರಬೇಕು. ಪೆಟ್ಟಿಗೆ ಇಳಿಸುವ ಬಾಗಿಲಲ್ಲಿ ತಪ್ಪು ಬರೆದರೆ ಜಾಲ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ. ಬಾಗಿಲಲ್ಲಿ ನಿಂತು ಹೇಗೆ ನೋಡಬೇಕು, ಹೇಗೆ ಬರೆಯಬೇಕು ಎಂದು ಕಲಿಸುವವರು ಬೇಕು. ಪ್ರಾಣಿಗಳ ಅಂಗಡಿಗೆ ರಜೆ ಹಾಕಿ. ಇದು ಮೇಟ್ರನ್ ಆಜ್ಞೆ, ನನ್ನದಲ್ಲ.

ನಿಮ್ಮ,
ಯಾಕಮ್ಮ


ಜುಲೈ 2

ಯಾಕಮ್ಮ,

ಉಳಿದ ಆಸ್ಪತ್ರೆಗಳಿಗೆ ನಮ್ಮ ಏರ್ಪಾಟು ತೋರಿಸಿ ಬರುತ್ತೇನೆಂದು ನೀನು ಹೋಗಿ ಆರು ದಿನವಾಯಿತು. ನಿನ್ನ ಕೋಣೆಯ ಮೇಜಿನ ಮುಂದೆಯೇ ಕೂತು ಬರೆಯುತ್ತಿದ್ದೇನೆ. ಅಮ್ಮ ಬಂದಿದ್ದಾಳೆ, ನಿನ್ನ ಕಪಾಟು ತೆರೆದು ನೋಡಿ ತಲೆ ಚಚ್ಚಿಕೊಂಡಳು. ಅದನ್ನು ಅವಳೇ ಬರೆಯಲಿ.

ನಿನ್ನೆ ನಡೆದದ್ದು ಹೇಳುತ್ತೇನೆ. ಉಗ್ರಾಣದ ಹೆಣ್ಣುಮಗಳು ನಿನಗೆ ಗೊತ್ತಲ್ಲ, ದಪ್ಪ ಕನ್ನಡಕದವಳು, ಮಾತು ಕಡಿಮೆ. ಹನ್ನೊಂದು ಗಂಟೆಗೆ ವ್ಯಾನು ಬಂತು. ಮೂರು ಪೆಟ್ಟಿಗೆಗಳ ಮೇಲೆ ಅವಧಿಯ ಚೀಟಿ ಸ್ವಲ್ಪ ಉಬ್ಬಿತ್ತು. ಅವಳು ಉಗುರಿನಿಂದ ಅಂಚು ಎಬ್ಬಿಸಿದಳು. ಕೆಳಗೆ ಹಳೆಯ ಚೀಟಿ, ಅವಧಿ ಮುಗಿದು ಎರಡು ತಿಂಗಳಾಗಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ನಾನೂ ಬಾಯಿ ಹಾಕಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಳು, ಚಿತ್ರ ತೆಗೆದು ಸೇರಿಸಿದಳು. ಚಾಲಕನೂ ಬರೆಯಬೇಕು ಎಂದು ನಾವು ನಿಯಮ ಮಾಡಿದ್ದೆವಲ್ಲ, ಅವನೂ ಗೊಣಗುತ್ತ ಬರೆದ.

ಅರ್ಧ ಗಂಟೆಗೆ ಆಡಳಿತಾಧಿಕಾರಿ ಇಳಿದು ಬಂದರು. ಮೇಟ್ರನ್ ಊರಲ್ಲಿರಲಿಲ್ಲ. ಸರಬರಾಜುದಾರರು ಫೋನ್ ಮಾಡಿದ್ದರಂತೆ. ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದರು. ನನಗೆ ಕೇಳಿಸುವುದಿಲ್ಲ ಅಂದುಕೊಂಡಿರಬೇಕು. ಕಿವಿಯ ಯಂತ್ರ ಹಾಕಿಕೊಂಡಿದ್ದೆ.

"ಅವರೇ ವಾಪಸ್ ತಗೊಂಡು ಬೇರೆ ಕೊಡ್ತಾರಂತಮ್ಮ. ಆ ಸಾಲೊಂದು ತೆಗೆದುಬಿಡಿ. ಯಾಕೆ ಸುಮ್ಮನೆ?"

"ಆಗಲ್ಲ ಸರ್."

"ನಾನು ಹೇಳ್ತಿದ್ದೀನಲ್ಲ. ಜವಾಬ್ದಾರಿ ನನ್ನದು."

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ನಾನು ಮಾಡಲ್ಲ ಅಂತಲ್ಲ ಸರ್, ಆಗೋದೇ ಇಲ್ಲ. ಗುರುತು ಜಾಲಕ್ಕೆ ಹೋಗಿಯಾಯ್ತು. ಈಗ ನಾನು ತೆಗೆದರೂ ಗೊತ್ತಾಗತ್ತೆ, ನೀವು ತೆಗೆದರೂ ಗೊತ್ತಾಗತ್ತೆ. ಬೇಕಾದರೆ ಕೆಳಗೆ ಇನ್ನೊಂದು ಸಾಲು ಬರೀತೀನಿ, ನೀವು ತೆಗೆಯೋಕೆ ಹೇಳಿದ್ರಿ ಅಂತ."

ಅವರು "ಬೇಡ, ಬೇಡ" ಎಂದು ಹೊರಟುಹೋದರು. ಸಿಟ್ಟೂ ಆಗಲಿಲ್ಲ. ಅವರಿಗೂ ಹಗುರಾದಂತೆ ಕಂಡಿತು.

ವಿಚಾರಣೆಯ ದಿನಗಳಲ್ಲಿ ನನಗೆ ಒಂದು ತುತ್ತೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇವಳು ಗಡಿಯಾರ ನೋಡಿದಳು, ಕೈ ತೊಳೆದುಕೊಂಡಳು, ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚಿದಳು. ಸಾವಕಾಶವಾಗಿ, ತಳ ಬಳಿದು ಉಂಡಳು. ನಾನು ಎದುರಿಗೆ ಕೂತು ಅವಳ ಊಟ ಮುಗಿಯುವವರೆಗೂ ನೋಡುತ್ತಿದ್ದೆ. "ಏನ್ ಸಾರ್, ಹಸಿವಾ?" ಎಂದಳು.

ಹೌದೆಂದೆ. ನಿಜವಾಗಿಯೂ ಹಸಿವಾಗಿತ್ತು.

ಅಪ್ಪ